ಸಸಿಯನ್ನು ನೆಡುವ ಗೂಟ
(ಮಠದ ಮಹೋತ್ಸವದ ಅಂಗವಾಗಿ ಜರುಗಿದ ಒಕ್ಕಲುತನದ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಒಕ್ಕಲುತನದ ಮಾತು ಬಂದಾಗಲೆಲ್ಲ ನಾವು ಮೊದಲು ನೇಗಿಲನ್ನು ಸ್ಮರಿಸುತ್ತೇವೆ. ಕೂರಿಗೆಯನ್ನು ಪೂಜಿಸಿ ಬಿತ್ತಿಗೆಗೆ ಹೊರಡುತ್ತೇವೆ. ಈಗಿನ ಕಾಲದಲ್ಲಿ ಟ್ರ್ಯಾಕ್ಟರಿಗೂ ಆಯುಧಪೂಜೆಯ ದಿವಸ ಹೂವಿನ ಹಾರ ಸಲ್ಲುತ್ತದೆ. ಆದರೆ ಮಡಿಯಲ್ಲಿ ಬೆಳೆದ ಎಳೆಯ ಸಸಿಯನ್ನು ಹೊಲದ ನೆಲದಲ್ಲಿ ನಿಲ್ಲಿಸುವ ಸಣ್ಣ ಕೈಸಲಕರಣೆಯನ್ನು ಕುರಿತು ಯಾರೂ ಭಾಷಣ ಮಾಡಿದ್ದಿಲ್ಲ. ಅದಕ್ಕೆ ಹೂವನ್ನೇರಿಸಿದವರೂ ವಿರಳ. ಮೊನೆಮಾಡಿದ ಒಂದು ಗೂಟವು ಇಷ್ಟು ದೊಡ್ಡ ಸಭೆಗೆ ತಕ್ಕ ವಿಷಯವೇ ಎಂದು ತಮಗನ್ನಿಸಬಹುದು. ಬೆಳೆಯ ಬದುಕೂ ನೆಡುವವರ ಬೆನ್ನೂ ಆ ಗೂಟವನ್ನು ಅವಲಂಬಿಸಿವೆ ಎಂಬುದನ್ನು ತೋರಿಸಿಕೊಡುವುದೇ ನನ್ನ ಇಂದಿನ ಉದ್ದೇಶವು.

ಗೂಟದ ರಚನೆಯು ಅತ್ಯಂತ ಸರಳವಾದದ್ದು. ಗೇಣುದ್ದದ, ಇಲ್ಲವೆ ಅದಕ್ಕಿಂತ ತುಸು ಹೆಚ್ಚಿನ ಗಟ್ಟಿಯಾದ ಕಟ್ಟಿಗೆ. ಒಂದು ತುದಿ ಮೊನೆಯಾಗಿ ಕೆತ್ತಿದ್ದು. ಇನ್ನೊಂದು ತುದಿ ಅಂಗೈಯಲ್ಲಿ ಕೂಡ್ರುವಂತೆ ದುಂಡಗಾದದ್ದು, ಅಥವಾ ಅಡ್ಡಹಿಡಿಯುಳ್ಳದ್ದು. ಇಂಗ್ಲೆಂಡಿನ ತೋಟಿಗರು ಮುರಿದ ಸಲಿಕೆಯ ಹಿಡಿಕೆಯನ್ನೇ ಕತ್ತರಿಸಿ, ಮೊನೆಮಾಡಿ, ಈ ಕೆಲಸಕ್ಕೆ ಬಳಸುತ್ತ ಬಂದಿದ್ದಾರೆ. ಮೊನೆಯು ಸವೆಯದಿರಲೆಂದು ಅದಕ್ಕೆ ಕಬ್ಬಿಣದ ಕಟ್ಟನ್ನು ಹಾಕಿಸುವುದೂ ಉಂಟು. ನಮ್ಮಲ್ಲಿ ಮೆಣಸಿನಕಾಯಿ, ಬದನೆ, ತಂಬಾಕುಗಳ ಸಸಿಗಳನ್ನು ಬೆರಳಿನಿಂದಲೋ, ಕುರ್ಚಿಗಿಯ ಮೊನೆಯಿಂದಲೋ, ಕೈಗೆ ಸಿಕ್ಕ ಕಡ್ಡಿಯಿಂದಲೋ ಕುಳಿಮಾಡಿ ಹಚ್ಚುತ್ತಾರೆ. ಹೆಸರು ಬೇರೆಯಾದರೂ ಕೆಲಸವು ಒಂದೇ.

ಆ ಕೆಲಸವು ಮೂರು ಭಾಗಗಳುಳ್ಳದ್ದು. ಬೇರಿನ ಉದ್ದಕ್ಕೆ ತಕ್ಕ ಆಳದ ಕುಳಿಯನ್ನು ಮಾಡುವುದು ಮೊದಲನೆಯದು. ಬೇರು ಮಡಿಚಿಕೊಳ್ಳದೆ ನೇರವಾಗಿ ಕೆಳಗಿಳಿಯುವಂತೆ ಸಸಿಯನ್ನು ಇಡುವುದು ಎರಡನೆಯದು. ಬೇರಿನ ಸುತ್ತ ಗಾಳಿಗೆ ಎಡೆಯಿಲ್ಲದಂತೆ ಮಣ್ಣನ್ನು ಕೂಡಿಸಿ ಒತ್ತುವುದು ಮೂರನೆಯದು. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ. ಎರಡನೆಯದನ್ನು ಕೆಲವರು ಮಾಡುತ್ತಾರೆ. ಮೂರನೆಯದನ್ನು ಲಕ್ಷ್ಯಗೊಟ್ಟು ಮಾಡುವವರು ಇನ್ನೂ ಕಡಿಮೆ. ನಾಟಿಯಾದ ಸಸಿಗಳು ಸಾಯುವುದಕ್ಕೆ ಬಿಸಿಲನ್ನೂ ದೈವವನ್ನೂ ದೂರುವ ಮೊದಲು ಈ ಮೂರನ್ನು ಪರೀಕ್ಷಿಸತಕ್ಕದ್ದು.

ಬೇರು ನೀರನ್ನು ಹೀರಬೇಕಾದರೆ ಅದು ಮಣ್ಣಿನ ಕಣಕ್ಕೆ ಅಂಟಿಕೊಂಡಿರಬೇಕು. ಗೂಟದ ಮೊನೆಯು ಚೂಪಾಗಿದ್ದರೆ ಕುಳಿಯ ತಳದಲ್ಲಿ ಇಕ್ಕಟ್ಟಾದ ಪೊಳ್ಳು ಉಳಿಯುತ್ತದೆ. ಮೇಲಿನ ಮಣ್ಣನ್ನು ಮಾತ್ರ ಬೆರಳಿನಿಂದ ಮುಚ್ಚಿದಾಗ ಸಸಿಯು ನೆಟ್ಟಂತೆ ಕಾಣುತ್ತದೆ; ಕೆಳಗೆ ಬೇರು ಗಾಳಿಯಲ್ಲಿ ತೂಗಾಡುತ್ತಿರುತ್ತದೆ. ಇನ್ನೊಂದು ದೋಷವು ನಮ್ಮ ಎರೆಭೂಮಿಗೆ ವಿಶೇಷವಾಗಿ ಸಂಬಂಧಿಸಿದ್ದು. ಎರೆಯು ಬಹಳ ಹಸಿಯಾಗಿರುವಾಗ ಗೂಟವನ್ನು ತಿರುವಿ ಇಳಿಸಿದರೆ ಕುಳಿಯ ಗೋಡೆಯು ಕುಂಬಾರನು ಕೈಯಾಡಿಸಿದ ಗಡಿಗೆಯಂತೆ ನುಣುಪಾಗುತ್ತದೆ. ಅದು ಒಣಗಿ ಗಟ್ಟಿಯಾದ ಮೇಲೆ ಎಳೆಯ ಬೇರಿಗೆ ಅದನ್ನು ಭೇದಿಸುವ ಶಕ್ತಿಯಿರುವುದಿಲ್ಲ. ಮುಂದೆ ನೆಲವು ಬಿರಿದಾಗ ಬಿರುಕು ಕುಳಿಯ ಜಾಡನ್ನೇ ಹಿಡಿಯಬಹುದು. ಆದುದರಿಂದ ಎರೆಯಲ್ಲಿ ಹದವನ್ನು ಕಾಯುವುದು ಗೂಟವನ್ನು ಹಿಡಿಯುವುದಕ್ಕಿಂತ ಮೊದಲಿನ ವಿದ್ಯೆ. ಮಸಾರಿ ಭೂಮಿಯ ಉದುರುಮಣ್ಣಿನಲ್ಲಿ ಈ ತೊಂದರೆಯು ಅಷ್ಟಾಗಿ ಬಾಧಿಸುವುದಿಲ್ಲ.

ಈ ದೋಷಗಳಿಗೆ ಪರಿಹಾರವು ಸಲಕರಣೆಯ ಬಳಕೆಯಲ್ಲಿಯೇ ಇದೆ. ಅಮೇರಿಕೆಯಲ್ಲಿ ಅರಣ್ಯದ ಸಸಿಗಳನ್ನು ನೆಡಲು ಚಪ್ಪಟೆಯಾದ ಅಲಗುಳ್ಳ ಕಬ್ಬಿಣದ ಹಾರೆಯನ್ನು ಬಳಸುತ್ತಾರೆ. ಅಲಗಿನ ಮೇಲ್ಗಡೆ ಕಾಲನ್ನು ಊರಲು ಒಂದು ಮೆಟ್ಟು, ತುದಿಯಲ್ಲಿ ಅಡ್ಡಹಿಡಿ. ಮೆಟ್ಟನ್ನು ತುಳಿದು ಅಲಗನ್ನು ನೆಟ್ಟಗೆ ಇಳಿಸಿ, ಹಿಡಿಯನ್ನು ತಮ್ಮ ಕಡೆಗೆ ಎಳೆದರೆ ಸೀಳು ತೆರೆಯುತ್ತದೆ. ಸಸಿಯನ್ನು ಮೊದಲು ತುಸು ಹೆಚ್ಚು ಆಳಕ್ಕೆ ಇಳಿಬಿಟ್ಟು, ಆಮೇಲೆ ಸರಿಯಾದ ಮಟ್ಟಕ್ಕೆ ಮೇಲೆತ್ತುತ್ತಾರೆ. ಹೀಗೆ ಎತ್ತುವಾಗ ಬೇರುಗಳು ನೇರವಾಗುತ್ತವೆ. ಬಳಿಕ ಎರಡು ಮೂರು ಅಂಗುಲ ಈಚೆಗೆ ಅಲಗನ್ನು ಮತ್ತೊಮ್ಮೆ ಇಳಿಸಿ, ಹಿಡಿಯನ್ನು ಮೊದಲು ತಮ್ಮ ಕಡೆಗೆ ಎಳೆಯುತ್ತಾರೆ. ಇದರಿಂದ ಬೇರಿನ ತಳದ ಮಣ್ಣು ಕೂಡುತ್ತದೆ. ಆಮೇಲೆ ಮುಂದಕ್ಕೆ ನೂಕುತ್ತಾರೆ. ಇದರಿಂದ ಮೇಲಿನ ಮಣ್ಣು ಕೂಡುತ್ತದೆ. ಕಡೆಯಲ್ಲಿ ಉಳಿದ ಸೀಳನ್ನು ಹಿಮ್ಮಡಿಯಿಂದ ತುಳಿದು ಮುಚ್ಚುತ್ತಾರೆ. ತಳ ಮೊದಲು, ಮೇಲ್ಭಾಗ ಆಮೇಲೆ ಎಂಬ ಈ ಕ್ರಮವೇ ಇದರ ಮರ್ಮವು. ನಮ್ಮ ಕಿರುಗೂಟದಿಂದಲೂ ಇದನ್ನು ಮಾಡಬಹುದು: ಸಸಿಯನ್ನಿಟ್ಟ ಮೇಲೆ ಪಕ್ಕದಲ್ಲಿ ಮತ್ತೊಮ್ಮೆ ಗೂಟವನ್ನು ಓರೆಯಾಗಿ ಚುಚ್ಚಿ, ಬೇರಿನ ಕಡೆಗೆ ಒತ್ತಿದರಾಯಿತು. ನೆಟ್ಟದ್ದು ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಒಂದೆಲೆಯ ತುದಿಯನ್ನು ಹಿಡಿದು ಮೆಲ್ಲಗೆ ಜಗ್ಗಿ ನೋಡಬೇಕು. ಎಲೆ ಹರಿದು ಸಸಿ ನಿಂತರೆ ನಾಟಿಯು ಭದ್ರವಾಗಿದೆ. ಸಸಿಯೇ ಎದ್ದು ಬಂದರೆ ಭದ್ರವಾಗಿಲ್ಲ.

ಇಂಥ ಕೈಸಲಕರಣೆಗಳಿಂದ ಏನಾದೀತು ಎಂದು ಹಗುರಾಗಿ ಕಾಣುವವರು ಅಮೇರಿಕೆಯ ಒಂದು ವೃತ್ತಾಂತವನ್ನು ಕೇಳಬೇಕು. ಅಲ್ಲಿ ದೊಡ್ಡ ಆರ್ಥಿಕ ಮುಗ್ಗಟ್ಟು ಬಂದೊದಗಿದಾಗ, ಅಧ್ಯಕ್ಷ ರೂಸವೆಲ್ಟರು ನಿರುದ್ಯೋಗಿ ತರುಣರ ಒಂದು ಸೇವಾದಳವನ್ನು ಕಟ್ಟಿಸಿದರು. ೧೯೩೩ ರಿಂದ ೧೯೪೨ ರ ವರೆಗೆ ಆ ತರುಣರು ಬೋಳಾದ ಗುಡ್ಡಗಳಲ್ಲಿಯೂ ಕೊಚ್ಚಿಹೋದ ಹೊಲಗಳಲ್ಲಿಯೂ ಸುಮಾರು ೩೦೦ ಕೋಟಿ ಮರಗಳನ್ನು ನೆಟ್ಟರು. ಅವರ ಕೈಯಲ್ಲಿದ್ದ ಸಾಮಗ್ರಿಗಳಲ್ಲಿ ಮುಖ್ಯವಾದವು ಈಗ ಹೇಳಿದಂಥ ಹಾರೆ, ಗುದ್ದಲಿಗಳೇ.

ಇನ್ನು ಈ ಸಲಕರಣೆಯ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಅದು ನೆಡುವವರ ದೇಹಕ್ಕೆ ಸಂಬಂಧಪಟ್ಟದ್ದು. ಸಾಲಿನಿಂದ ಸಾಲಿಗೆ ೬೦ ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ ೪೫ ಸೆಂಟಿಮೀಟರ್ ಅಂತರವಿಟ್ಟು ಮೆಣಸಿನ ಸಸಿಯನ್ನು ಹಚ್ಚಿದರೆ ಒಂದು ಎಕರೆಗೆ ಸುಮಾರು ೧೫ ಸಾವಿರ ಸಸಿಗಳಾಗುತ್ತವೆ. ಒಂದೊಂದು ಸಸಿಗೂ ಒಮ್ಮೆ ಬಾಗಬೇಕೆಂದರೆ ೧೫ ಸಾವಿರ ಸಲ ಬಾಗಿದಂತಾಯಿತು. ಉಳ್ಳಾಗಡ್ಡಿಯ ಸಸಿಯನ್ನು ೧೫ ಸೆಂಟಿಮೀಟರ್ ಸಾಲಿನಲ್ಲಿ ೧೦ ಸೆಂಟಿಮೀಟರಿಗೊಂದರಂತೆ ಹಚ್ಚಿದರೆ ಎಕರೆಗೆ ಸುಮಾರು ೨ ಲಕ್ಷ ೭೦ ಸಾವಿರವಾಗುತ್ತವೆ. ಈ ಲೆಕ್ಕವನ್ನು ಯಾರಾದರೂ ಮನೆಯಲ್ಲಿ ಕುಳಿತು ಮಾಡಿಕೊಳ್ಳಬಹುದು. ಆದರೆ ಅದನ್ನು ಬೆನ್ನಿನಿಂದ ಎಣಿಸಿದವರು ನಮ್ಮ ತಾಯಂದಿರು, ಅಕ್ಕತಂಗಿಯರು. ನಮ್ಮ ಸೀಮೆಯಲ್ಲಿ ನಾಟಿಯ ಕೆಲಸವು ಬಹುಮಟ್ಟಿಗೆ ಹೆಣ್ಣುಮಕ್ಕಳದಾಗಿದೆ. ಉಳುವವನಿಗೆ ನೇಗಿಲು ಹೋಗಿ ಯಂತ್ರ ಬಂತು. ನೆಡುವವಳಿಗೆ ಇನ್ನೂ ಬೆರಳೇ ಸಲಕರಣೆಯಾಗಿ ಉಳಿದಿದೆ. ಒಂದೇ ಮನೆಯ ಒಂದೇ ಹೊಲದಲ್ಲಿ ಇದು ನ್ಯಾಯವೆನಿಸುವುದೇ?

ಹಿಡಿಕೆಯ ಉದ್ದವು ನ್ಯಾಯಾಲಯದ ವರೆಗೆ ಹೋದ ಪ್ರಸಂಗವೂ ಒಂದುಂಟು. ಕ್ಯಾಲಿಫೋರ್ನಿಯಾ ಪ್ರಾಂತದ ತೋಟಗಳಲ್ಲಿ ಎಳೆಯ ಬೆಳೆಯ ಕಳೆ ತೆಗೆಯಲಿಕ್ಕೂ ದಟ್ಟವಾದ ಸಸಿಗಳನ್ನು ತೆಳುಮಾಡಲಿಕ್ಕೂ ಕೂಲಿಯವರಿಗೆ ತೀರ ಗಿಡ್ಡ ಹಿಡಿಕೆಯ ಗುದ್ದಲಿಯನ್ನು ಕೊಡುತ್ತಿದ್ದರು. ಅವರು ದಿನವೆಲ್ಲ ನಡು ಬಗ್ಗಿಸಿಯೇ ದುಡಿಯಬೇಕಾಗಿತ್ತು. ಅನೇಕರ ಬೆನ್ನೆಲುಬು ಶಾಶ್ವತವಾಗಿ ಕೆಟ್ಟಿತು. ಉದ್ದ ಹಿಡಿಕೆಯನ್ನು ಕೊಟ್ಟರೆ ಬೆಳೆಗೆ ಪೆಟ್ಟಾಗುವುದೆಂದು ತೋಟದ ಒಡೆಯರು ವಾದಿಸಿದರು. ೧೯೭೫ ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಕೂಲಿಯವರ ಮೊರೆಯನ್ನು ಮನ್ನಿಸಿತು. ಅದೇ ವರ್ಷ ಆ ಗಿಡ್ಡ ಗುದ್ದಲಿಯ ಬಳಕೆಯು ನಿಷಿದ್ಧವಾಯಿತು. ತೋಟಗಳೇನೂ ಹಾಳಾಗಲಿಲ್ಲ; ಬೆಳೆಯು ಬೆಳೆಯುತ್ತಲೇ ಇದೆ. ಎರಡು ಮೊಳ ಕಟ್ಟಿಗೆಯನ್ನು ಉಳಿಸುವುದಕ್ಕಾಗಿ ಮನುಷ್ಯನ ಬೆನ್ನನ್ನು ಮುರಿಯಬೇಕಾಗಿರಲಿಲ್ಲ ಎಂಬುದು ಇದರಿಂದ ಸಿದ್ಧವಾಯಿತು.

ನೆಡುವ ಕೆಲಸದಲ್ಲಿಯೂ ಬಾಗದಿರುವ ಉಪಾಯವು ದೊರೆತಿದೆ. ೧೯೭೦ ರ ದಶಕದಲ್ಲಿ ಫಿನ್‌ಲಂಡ್ ದೇಶದಲ್ಲಿ ಒಂದು ನಾಟಿನಳಿಕೆಯು ಬಳಕೆಗೆ ಬಂದಿತು. ಅವರ ಭಾಷೆಯಲ್ಲಿ ಅದಕ್ಕೆ 'ಪೊಟ್ಟಿಪುಟ್ಕಿ' ಎಂದು ಹೆಸರು. ಅದು ಸೊಂಟದೆತ್ತರದ ಲೋಹದ ಕೊಳವೆ. ಕೆಳತುದಿಯಲ್ಲಿ ಹಕ್ಕಿಯ ಕೊಕ್ಕಿನಂತೆ ಕೂಡಿಕೊಂಡಿರುವ ಎರಡು ತುಟಿಗಳು. ಕೊಕ್ಕನ್ನು ನೆಲದಲ್ಲಿ ಊರಿ ಕಾಲಿನಿಂದ ಮೆಟ್ಟನ್ನು ಒತ್ತಿದರೆ ತುಟಿಗಳು ತೆರೆದು ಮಣ್ಣಿನಲ್ಲಿ ಕುಳಿಮಾಡುತ್ತವೆ. ಮೇಲಿನಿಂದ ಬಿಟ್ಟ ಸಸಿಯು ಕೊಳವೆಯೊಳಗಿಂದ ಜಾರಿ ಕುಳಿಯಲ್ಲಿ ನೆಟ್ಟಗೆ ನಿಲ್ಲುತ್ತದೆ. ಕೊಳವೆಯನ್ನೆತ್ತಿ ಪಾದದಿಂದ ಮಣ್ಣನ್ನು ಒತ್ತಿದರೆ ಕೆಲಸವು ಮುಗಿಯಿತು. ನಡುವನ್ನು ಬಗ್ಗಿಸುವ ಪ್ರಮೇಯವಿಲ್ಲ. ಇದೇ ತತ್ತ್ವದ ನಳಿಕೆಗಳು ಈಗ ನಮ್ಮ ದೇಶದಲ್ಲಿಯೂ ತಯಾರಾಗಿ ಮಾರಾಟಕ್ಕೆ ಬಂದಿವೆ. ಟ್ರೇಗಳ ಗುಳಿಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಬೆಳೆಸಿದ ಸಸಿಗಳು ಬೇರಿನ ಮುದ್ದೆಯ ಸಮೇತ ಬರುವುದರಿಂದ ಈ ನಳಿಕೆಗೆ ಚೆನ್ನಾಗಿ ಒಗ್ಗುತ್ತವೆ.

ಆದರೂ ಒಂದೇ ಸಲಕರಣೆಯು ಎಲ್ಲಕ್ಕೂ ಸಲ್ಲುವುದೆಂದು ಭ್ರಮಿಸಬಾರದು. ಮೆಣಸಿನಕಾಯಿ, ಬದನೆ, ಟೊಮೆಟೊ ಮುಂತಾದ ಅಂತರವುಳ್ಳ ಬೆಳೆಗೆ ನಳಿಕೆಯು ಹಿತವಾದದ್ದು. ಬೀದರದ ಕಡೆಯ ರೈತರು ತೊಗರಿಯನ್ನು ಚಿಕ್ಕ ಚೀಲಗಳಲ್ಲಿ ಸಸಿಮಾಡಿ, ಮಳೆ ಹದವಾದ ಕೂಡಲೆ ದೂರದೂರ ನಾಟಿಮಾಡುತ್ತಾರೆ. ಮಳೆ ತಡವಾದರೂ ಬೆಳೆಯ ಕಾಲವು ಕಳೆದುಹೋಗದಿರುವುದು ಇದರ ಲಾಭವು. ಅಲ್ಲಿ ಚೀಲದ ಮಣ್ಣಿನ ಮುದ್ದೆಗೆ ತಕ್ಕ ಅಗಲದ ಬಾಯುಳ್ಳ ಸಲಕರಣೆಯೇ ಬೇಕಾಗುತ್ತದೆ. ಉಳ್ಳಾಗಡ್ಡಿಯಂಥ ದಟ್ಟನೆಯ ನಾಟಿಗೆ ನಳಿಕೆಯು ನಿಧಾನ. ಅದಕ್ಕೆ ಹಲಗೆಯ ಮೇಲೆ ಸಮಾಂತರದಲ್ಲಿ ಗೂಟಗಳನ್ನು ಜಡಿದು, ಒಮ್ಮೆ ಒತ್ತಿದರೆ ಸಾಲಾಗಿ ಕುಳಿಗಳು ಮೂಡುವಂತೆ ಮಾಡಿಕೊಳ್ಳುವುದು ಲೇಸು. ಇದನ್ನು ಊರ ಬಡಿಗೇರನೇ ಮಾಡಿಕೊಡಬಲ್ಲನು. ಮಾವು, ತೆಂಗುಗಳಿಗೆ ಗೂಟವೂ ಸಲ್ಲದು, ನಳಿಕೆಯೂ ಸಲ್ಲದು. ಗುದ್ದಲಿ ಸಲಿಕೆಗಳಿಂದ ತಗ್ಗನ್ನೇ ತೋಡಬೇಕು.

ಮರಗಳ ಮಾತು ಬಂದುದರಿಂದ ಒಂದು ಮಾತನ್ನು ನಿರ್ದಾಕ್ಷಿಣ್ಯವಾಗಿ ಹೇಳುತ್ತೇನೆ. ೧೯೫೦ ರಲ್ಲಿ ಕೇಂದ್ರಮಂತ್ರಿಗಳಾಗಿದ್ದ ಕನ್ಹಯ್ಯಾಲಾಲ ಮುನ್ಶಿಯವರು ವನಮಹೋತ್ಸವವನ್ನು ಆರಂಭಿಸಿದರು. ಅಂದಿನಿಂದ ವರ್ಷವರ್ಷವೂ ನಾವು ಸಸಿ ನೆಡುತ್ತಿದ್ದೇವೆ. ಅದೇ ತಗ್ಗಿನಲ್ಲಿ ಮರುವರ್ಷ ಮತ್ತೆ ನೆಡುವ ಊರುಗಳೂ ಉಂಟು. ಪ್ಲಾಸ್ಟಿಕ್ ಚೀಲವನ್ನು ಹರಿಯದೆ ಹಾಗೆಯೇ ಹೂಳುವುದು, ಚೀಲದೊಳಗೆ ಸುರುಳಿಗಟ್ಟಿದ ಬೇರನ್ನು ಬಿಡಿಸದೆ ಇಡುವುದು, ಮಣ್ಣನ್ನು ಒತ್ತದೆ ನೀರೆರೆದು ಹೊರಟುಹೋಗುವುದು, ಇವು ಸಸಿಯನ್ನು ಕೊಲ್ಲುವ ಕ್ರಮಗಳು. ಸುರುಳಿಬೇರಿನ ಗಿಡವು ಒಂದು ವೇಳೆ ಬದುಕಿದರೂ, ದೊಡ್ಡದಾದ ಮೇಲೆ ಬಿರುಗಾಳಿಗೆ ಬುಡಮೇಲಾಗುವ ಸಂಭವವುಂಟು. ಮಾಗಡಿ ತಾಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರು ೨೦೨೫ ರಲ್ಲಿ ಕಾಲವಾದರು. ಅವರೂ ಅವರ ಪತಿ ಚಿಕ್ಕಯ್ಯನವರೂ ಆಲದ ಸಸಿಗಳನ್ನು ನೆಟ್ಟು ಮನೆಗೆ ಹೋಗಿ ಕೂಡ್ರಲಿಲ್ಲ. ಬಿಂದಿಗೆಯಲ್ಲಿ ನೀರು ಹೊತ್ತರು, ಮುಳ್ಳಿನ ಬೇಲಿ ಕಟ್ಟಿದರು. ಅದರಿಂದಲೇ ಹುಲಿಕಲ್ಲು-ಕುದೂರುಗಳ ದಾರಿಯಲ್ಲಿ ಇಂದಿಗೂ ನೆರಳಿದೆ.

ಮಹಾಶಯರೇ, ಕಾಯಕವನ್ನು ಪೂಜ್ಯವೆಂದು ನಂಬಿದ ಪರಂಪರೆಯವರು ನಾವು. ಕಾಯಕವು ಪೂಜ್ಯವಾದರೆ, ಕಾಯಕ ಮಾಡುವ ಕಾಯವೂ ಆದರಕ್ಕೆ ಪಾತ್ರವಾಗಬೇಕಷ್ಟೆ. ಆದುದರಿಂದ ಎರಡು ವಿಜ್ಞಾಪನೆಗಳನ್ನು ಮಾಡಿ ನನ್ನ ಮಾತನ್ನು ಮುಗಿಸುತ್ತೇನೆ.

ಮೊದಲನೆಯದು, ಪ್ರತಿಯೊಂದು ಊರಿನ ಭಕ್ತರೂ ಕೂಡಿ ನಾಟಿಯ ಸಲಕರಣೆಗಳ ಒಂದು ಸಣ್ಣ ಭಂಡಾರವನ್ನು ಏರ್ಪಡಿಸಿಕೊಳ್ಳಬೇಕು. ನಳಿಕೆಯ ಕೆಲಸವು ಒಬ್ಬೊಬ್ಬರಿಗೆ ವರ್ಷದಲ್ಲಿ ಕೆಲವೇ ದಿನ. ಉಳಿದ ದಿನ ಅದು ಮೂಲೆಯಲ್ಲಿ ತುಕ್ಕು ಹಿಡಿಯುವುದು. ಹತ್ತು ಮನೆಗಳಿಗೆ ಎರಡು ಸಾಕು. ೧೯೦೫ ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿ, ಕೂಡಿ ಬಾಳುವ ಮಾರ್ಗವನ್ನು ಇಡೀ ದೇಶಕ್ಕೆ ತೋರಿಸಿಕೊಟ್ಟ ನಾಡು ಇದು. ನಮಗೆ ಇಷ್ಟು ಅಸಾಧ್ಯವಾಗಲಾರದು.

ಎರಡನೆಯದು, ಸಲಕರಣೆಯನ್ನು ಕೊಳ್ಳುವಾಗ ಗಂಡಸರು ಅಂಗಡಿಗೆ ಹೋಗಿ ತಮ್ಮ ಎತ್ತರಕ್ಕೆ ಅಳೆದು ತರಬಾರದು. ಅದನ್ನು ಹಿಡಿದು ದುಡಿಯುವ ತಾಯಿಯ ಕೈಗೆ ಮೊದಲು ಕೊಟ್ಟು, ನಾಲ್ಕು ಸಾಲು ನೆಡಿಸಿ, ಭಾರವಾಯಿತೇ, ಹಿಡಿಕೆ ಎತ್ತರವಾಯಿತೇ ಎಂದು ಆಕೆಯನ್ನು ಕೇಳಿ, ಆಮೇಲೆ ಹಣವನ್ನು ಕೊಡಬೇಕು. ಬರುವ ಆಯುಧಪೂಜೆಯ ದಿವಸ ಟ್ರ್ಯಾಕ್ಟರಿಗೆ ಹಾಕಿದ ಹಾರದೊಳಗಿನ ಒಂದು ಹೂವನ್ನು ಆ ಸಲಕರಣೆಗೂ ಏರಿಸಿರಿ.