ಮಾರಾಟದ ಹೊಣೆ ಹೊತ್ತವರು ಏನು ಓದಬೇಕು?

(ಹಲಸಂಗಿಯಲ್ಲಿ ನಡೆದ ಹಾಲು ಉತ್ಪಾದಕ ಸದಸ್ಯರ ತಿಳುವಳಿಕೆ ಶಿಬಿರದಲ್ಲಿ ಮಾಡಿದ ಭಾಷಣ)



ಹೊಸದಾಗಿ ಮಾರುಕಟ್ಟೆ ವಿಭಾಗದ ಹೊಣೆ ಹೊರುವವರು ಯಾವ ಪುಸ್ತಕಗಳನ್ನು ಓದಬೇಕು ಎಂಬುದು ನನಗೆ ಕೊಟ್ಟ ವಿಷಯ. "ಅದನ್ನು ಅಧಿಕಾರಿಗಳಿಗೇ ಹೇಳ್ರಿ, ಎಮ್ಮಿ ಕಟ್ಟಿದ ನಮಗ್ಯಾಕ?" ಎಂದು ನೀವು ಕೇಳಬಹುದು. ಕೇಳಲೇಬೇಕು. ಪೇಟೆಯ ಗ್ರಾಹಕರು ಹಾಲಿಗೆ ಕೊಟ್ಟ ಹಣವೇ ತಿರುಗಿ ನಿಮ್ಮ ಬಟವಾಡೆಯಾಗಿ ಬರುವುದು. ಮಾರಾಟವಾಗದೆ ಉಳಿದ ಹಾಲನ್ನು ಪುಡಿ ಮಾಡಿಸಬೇಕಾಗುತ್ತದೆ. ಆ ಪುಡಿ ಗೋದಾಮಿನಲ್ಲಿ ಕುಳಿತರೆ ನಿಮ್ಮ ಹಣವೂ ಅಲ್ಲಿಯೇ ಕುಳಿತಿರುತ್ತದೆ. ಅದೂ ಅಲ್ಲದೆ, ಆ ಅಧಿಕಾರಿಗಳನ್ನು ಪ್ರಶ್ನಿಸಬೇಕಾದ ಆಡಳಿತ ಮಂಡಳಿ ನಿಮ್ಮ ಸಂಘಗಳ ಮತದಿಂದಲೇ ಬರುತ್ತದೆ. ಆದ್ದರಿಂದ ಈ ಮಾತು ಮೊದಲು ನಿಮಗೆ, ಆಮೇಲೆ ಅವರಿಗೆ.

ನಾನು ಈ ಕೆಲಸಕ್ಕೆ ಸೇರಿದಾಗ ನನ್ನ ಚೀಲದಲ್ಲಿ ಫಿಲಿಪ್ ಕೋಟ್ಲರ್ ಎಂಬ ಅಮೆರಿಕದ ಪ್ರಾಧ್ಯಾಪಕರ ದಪ್ಪನೆಯ ಪುಸ್ತಕವಿತ್ತು. 1967ರಲ್ಲಿ ಮೊದಲು ಅಚ್ಚಾದ ಅದನ್ನು ಕಾಲೇಜುಗಳಲ್ಲಿ ಇಂದಿಗೂ ಓದಿಸುತ್ತಾರೆ. ಒಳ್ಳೆಯ ಪುಸ್ತಕವೇ. ಅದರ ಧೈರ್ಯದಿಂದ ನಾನು ಒಂದು ಸಣ್ಣ ಪೇಟೆಯಲ್ಲಿ ಹೊಸ ಮಾರ್ಗ ಆರಂಭಿಸಿದೆ. ಬ್ಯಾನರ್ ಕಟ್ಟಿಸಿದೆ, ಏಜೆಂಟರನ್ನು ನೇಮಿಸಿದೆ. ಮೂರು ವಾರವಾದರೂ ಅರ್ಧಕ್ಕರ್ಧ ಪೊಟ್ಟಣ ತಿರುಗಿ ಬರುತ್ತಿದ್ದವು. ದರ ಹೆಚ್ಚಾಯಿತೇ, ಜಾಹೀರಾತು ಸಾಲದೇ ಎಂದು ಕಾಗದದ ಮೇಲೆ ಲೆಕ್ಕ ಹಾಕುತ್ತ ಕುಳಿತೆ. ಕೊನೆಗೆ ಒಬ್ಬ ಅಜ್ಜಿ ಹೇಳಿದಳು: "ತಮ್ಮಾ, ನಿನ್ನ ಹಾಲು ಚಲೋನ ಅದಾವ. ಖರೆ ನಾವು ಚಾ ಕುಡದು ಕಪ್ಪು ತೊಳದ ಮ್ಯಾಲ ಬರ್ತಾವ." ವಾಹನ ಎಂಟು ಗಂಟೆಗೆ ಬರುತ್ತಿತ್ತು, ಆ ಓಣಿಯ ಒಲೆ ಆರಕ್ಕೇ ಹೊತ್ತುತ್ತಿತ್ತು. ತಪ್ಪು ಪುಸ್ತಕದ್ದಲ್ಲ, ನನ್ನದು. ಆದರೆ ಆ ಎರಡು ತಾಸಿನ ತಪ್ಪಿಗೆ ದಂಡ ಕಟ್ಟಿದವರು ನಿಮ್ಮಂಥ ಉತ್ಪಾದಕರು. ಅಂದಿನಿಂದ, ಹೊಸಬರು ಏನು ಓದಬೇಕೆಂದು ಕೇಳಿದರೆ ಕೋಟ್ಲರ್ ಅವರದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಓದಬೇಕಾದದ್ದು ಡಾ. ವರ್ಗೀಸ್ ಕುರಿಯನ್ ಅವರ ಆತ್ಮಕಥೆ, 'ಐ ಟೂ ಹ್ಯಾಡ್ ಎ ಡ್ರೀಮ್'. 2005ರಲ್ಲಿ ಬಂದ ಇಂಗ್ಲಿಷ್ ಪುಸ್ತಕ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳಿದ್ದರೆ ರಾತ್ರಿ ಹತ್ತು ಪುಟ ಓದಿಸಿ ಕೇಳಿರಿ. ಗುಜರಾತಿನ ಖೇಡಾ ಜಿಲ್ಲೆಯ ರೈತರು ಪೋಲ್ಸನ್ ಕಂಪನಿಯ ಏಕಸ್ವಾಮ್ಯದ ವಿರುದ್ಧ ಹದಿನೈದು ದಿನ ಹಾಲು ಮಾರದೆ ನಿಂತದ್ದು, 1946ರ ಡಿಸೆಂಬರಿನಲ್ಲಿ ಅವರ ಒಕ್ಕೂಟ ನೋಂದಣಿಯಾದದ್ದು, ತ್ರಿಭುವನದಾಸ ಪಟೇಲರ ಮುಂದಾಳತನ ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ನಾನು ಹೇಳಬೇಕೆಂದಿರುವುದು ಬೆಣ್ಣೆಯ ಸಂಗತಿ.

ಆಣಂದದವರು ತಾಜಾ ಕೆನೆಯಿಂದ ಬೆಣ್ಣೆ ತೆಗೆದು ಮುಂಬಯಿಗೆ ಕಳಿಸಿದರು. ಶುದ್ಧ ಬೆಣ್ಣೆ, ಹೆಸರಿಡುವಂತಿರಲಿಲ್ಲ. ಆದರೆ ಮುಂಬಯಿಯವರ ನಾಲಿಗೆ ಪೋಲ್ಸನ್ ಬೆಣ್ಣೆಗೆ ಒಗ್ಗಿತ್ತು. ಅದು ಹಳತಾದ ಕೆನೆಯಿಂದ ಮಾಡಿ ಉಪ್ಪು ಬೆರೆಸಿದ ಬೆಣ್ಣೆ. ತಾಜಾ ಬೆಣ್ಣೆ ಅವರಿಗೆ ಸಪ್ಪೆ ಎನ್ನಿಸಿತು. ನಮ್ಮದೇ ಶ್ರೇಷ್ಠ ಎಂದು ಹಟ ಹಿಡಿಯಬಹುದಿತ್ತು. ಹಾಗೆ ಮಾಡಲಿಲ್ಲ, ಉಪ್ಪು ಬೆರೆಸಿದರು, ಗ್ರಾಹಕರು ಬಯಸಿದ ರುಚಿಗೆ ಬಂದರು. ಉಣ್ಣುವವರ ನಾಲಿಗೆಯನ್ನು ಉಣಿಸುವವರು ತಿದ್ದಲಾರರು ಎಂಬುದು ಸೊಸೆಯಂದಿರನ್ನು ಕಂಡ ನಿಮ್ಮ ಮನೆಯ ಹಿರಿಯರಿಗೆ ಹೊಸದೇನಲ್ಲ. ಅಧಿಕಾರಿಗಳಿಗೆ ಮಾತ್ರ ಪುಸ್ತಕದಿಂದ ತಿಳಿಯಬೇಕಾಗುತ್ತದೆ.

ಅದೇ ಪುಸ್ತಕದಲ್ಲಿ ಎಮ್ಮೆ ಹಾಲಿನ ಪುಡಿಯ ಕಥೆಯೂ ಇದೆ. ಚಳಿಗಾಲದಲ್ಲಿ ಹಾಲು ಉಕ್ಕುತ್ತದೆ, ಮುಂಬಯಿ ಅಷ್ಟನ್ನೂ ಕೊಳ್ಳುವುದಿಲ್ಲ. ಎಮ್ಮೆ ಹಾಲನ್ನು ಪುಡಿ ಮಾಡಲಾಗದೆಂದು ಹೊರದೇಶದ ತಜ್ಞರು ಹೇಳಿದ್ದರು. ಎಚ್.ಎಂ. ದಲಾಯಾ ಎಂಬ ತಂತ್ರಜ್ಞರು ಅದನ್ನು ಮಾಡಿ ತೋರಿಸಿದರು. 1955ರಲ್ಲಿ ಕಾರ್ಖಾನೆಯೇ ಆರಂಭವಾಯಿತು. ಓದಲು ಬೇಸರವಾದವರು 'ಮಂಥನ್' ಚಲನಚಿತ್ರ ನೋಡಲಿ. 1976ರ ಆ ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿದ್ದರು. ನಮ್ಮ ಗಿರೀಶ ಕಾರ್ನಾಡ, ಅನಂತನಾಗ್ ಇಬ್ಬರೂ ಅದರಲ್ಲಿದ್ದಾರೆ.

ಎರಡನೆಯದು ಪುಸ್ತಕವಲ್ಲ, ಒಂದು ಲೇಖನ. ಥಿಯೋಡರ್ ಲೆವಿಟ್ ಎಂಬವರು 1960ರಲ್ಲಿ ಬರೆದದ್ದು. ಅಮೆರಿಕದ ರೈಲು ಕಂಪನಿಗಳು ತಾವು ರೈಲು ಓಡಿಸುವವರೆಂದು ತಿಳಿದವು, ಜನರನ್ನೂ ಸರಕನ್ನೂ ಸಾಗಿಸುವವರೆಂದು ತಿಳಿಯಲಿಲ್ಲ. ಆದ್ದರಿಂದ ಕಾರು, ಲಾರಿ, ವಿಮಾನಗಳಿಗೆ ಸೋತವು ಎಂದು ಅವರ ವಾದ. ನಾವು ಹಾಲು ಮಾರುವವರೆಂದಷ್ಟೇ ತಿಳಿದರೆ ನಮಗೂ ಅದೇ ಗತಿ. ಕೊಳ್ಳುವ ತಾಯಿಗೆ ಬೇಕಾದದ್ದು ಮುಂಜಾನೆಯ ಚಹಾ, ಮಧ್ಯಾಹ್ನದ ಮಜ್ಜಿಗೆ, ರೊಟ್ಟಿಗೆ ಮೊಸರು, ಹಬ್ಬಕ್ಕೆ ತುಪ್ಪ. ಲೆಕ್ಕ ನೋಡಿರಿ: ಟೋನ್ಡ್ ಹಾಲಿನ ಪೊಟ್ಟಣದಲ್ಲಿ ಜಿಡ್ಡು ಶೇಕಡಾ 3, ಜಿಡ್ಡೇತರ ಘನಾಂಶ 8.5. ನಿಮ್ಮ ಎಮ್ಮೆ ಹಾಲಿನ ಜಿಡ್ಡು ಆರು, ಏಳು. ಉಳಿದ ಜಿಡ್ಡು ಬೆಣ್ಣೆಯಾಗಿ, ತುಪ್ಪವಾಗಿ ಒಳ್ಳೆಯ ಬೆಲೆಗೆ ಮಾರಾಟವಾದರೆ ಮಾತ್ರ ನಿಮಗೆ ಜಿಡ್ಡಿನ ದರ ಸಿಗುತ್ತದೆ. ತುಪ್ಪ ಮಾರಲು ಬಾರದ ಮಾರುಕಟ್ಟೆ ಅಧಿಕಾರಿ ಎಮ್ಮೆ ಸಾಕಿದವರಿಗೆ ಭಾರವೇ.

ಮೂರನೆಯದು ಈ ಊರಿನದೇ. ನಗಬೇಡಿರಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ, ಈ ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಹೊರತಂದರು. 1933ರಲ್ಲಿ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ'. ಹೆಣ್ಣುಮಕ್ಕಳ ಬೀಸುಕಲ್ಲಿನ ಪದಗಳನ್ನು ಅಚ್ಚಿಗೆ ಯೋಗ್ಯವೆಂದು ಓದಿದವರು ಎಣಿಸದ ಕಾಲ ಅದು. ಇವರು ಕೇಳಿದರು, ಕೇಳಿದ್ದನ್ನು ಬರೆದುಕೊಂಡರು. ಹಾಲು ಯಾರದು, ಎಷ್ಟು, ಯಾವಾಗ ಎಂದು ಇಂದಿಗೂ ಬಹಳ ಮನೆಗಳಲ್ಲಿ ತೀರ್ಮಾನಿಸುವವಳು ಅದೇ ಗರತಿ. ತವರು, ತೊಟ್ಟಿಲು, ಅಣ್ಣತಮ್ಮಂದಿರು, ಅವಳ ಮನಸ್ಸು ಎಲ್ಲಿ ನಿಲ್ಲುತ್ತದೆಂದು ಆ ಪುಸ್ತಕದಿಂದ ತಿಳಿಯುವಷ್ಟು ಯಾವ ಸಮೀಕ್ಷೆಯಿಂದಲೂ ತಿಳಿಯದೆಂದು ನನ್ನ ಅಭಿಪ್ರಾಯ. ನನಗೆ ಆ ಅಜ್ಜಿ ಹೇಳಿದ್ದು ಮೂರು ವಾರ ತಡವಾಯಿತು, ನಾನು ಕೇಳುವುದು ತಡವಾದದ್ದರಿಂದ.

ಕೊನೆಯದು ನಿಮ್ಮ ಸಂಘದ ಹಾಲು ಸಂಗ್ರಹಣೆಯ ಪುಸ್ತಕ. ಹೊಸ ಅಧಿಕಾರಿ ಒಂದು ವಾರ ಎರಡೂ ಹೊತ್ತು ಇಲ್ಲಿ ಕುಳಿತು ಅದನ್ನು ಓದಲಿ. ಒಂದೂವರೆ ಲೀಟರು ಹಾಕುವವರ ಹೆಸರು ಎಷ್ಟಿವೆ, ಬೇಸಿಗೆಯಲ್ಲಿ ಯಾರ ಹೆಸರು ಕಾಣೆಯಾಗುತ್ತದೆ, ಬಟವಾಡೆ ತಡವಾದ ಮರುವಾರ ಯಾರು ಖಾಸಗಿಯವರಿಗೆ ಹಾಲು ಹಾಕಿದರು, ಎಲ್ಲವೂ ಅದರಲ್ಲಿದೆ. ಮುಂದಿನ ವಾರ್ಷಿಕ ಸಭೆಯಲ್ಲಿ ಇದನ್ನೊಂದು ಸೂಚನೆಯಾಗಿ ಮಂಡಿಸಿರಿ. ಅನುಮೋದಿಸುವವರು ಸಿಕ್ಕೇ ಸಿಗುತ್ತಾರೆ.

'ಗರತಿಯ ಹಾಡು' ಒಂದು ಪ್ರತಿ ತಂದಿದ್ದೇನೆ. ಸಂಘದ ಕಪಾಟಿನಲ್ಲಿ ಇಟ್ಟು ಹೋಗುತ್ತೇನೆ. ಒಯ್ದವರು ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಿರಿ. ಸಂಜೆಯ ಹಾಲಿನ ಹೊತ್ತಾಯಿತು, ಪರೀಕ್ಷಕರು ಆಗಲೇ ಎದ್ದು ನಿಂತಿದ್ದಾರೆ.