ಶಿಕ್ಷೆಯೂ ಅದಬೂ

ಸಂಸ್ಕೃತದಲ್ಲಿ ‘ಶಿಕ್ಷಾ’ ಎಂದರೆ ಕಲಿಕೆ. ಕನ್ನಡದಲ್ಲಿ ‘ಶಿಕ್ಷೆ’ ಎಂದೊಡನೆ ನೆನಪಾಗುವುದು ದಂಡನೆ. ಅರಬ್ಬಿಯ ‘ತಾದೀಬ್’ ಎಂಬ ಮಾತೂ ಹೀಗೆಯೇ. ಸಂಸ್ಕಾರ ನೀಡುವುದು, ದಂಡಿಸುವುದು ಎರಡೂ ಅದರ ಅರ್ಥ. ನಮ್ಮ ಹಿರಿಯರ ಬಾಯಲ್ಲಿದ್ದ ‘ಅದಬು’ ಅದೇ ಕುಲದ ಶಬ್ದ.

ಕಾಸರಗೋಡಿನ ದೇಳಿಯಲ್ಲಿ 1971ರಲ್ಲಿ ಆರಂಭವಾದ ಜಾಮಿಯಾ ಸಅದಿಯಾ, ಮಲಪ್ಪುರಂ ಜಿಲ್ಲೆಯ ಚೆಮ್ಮಾಡಿನಲ್ಲಿ 1986ರಲ್ಲಿ ತೆರೆದ ದಾರುಲ್ ಹುದಾ ಇವು ಧರ್ಮವಿದ್ಯೆಯನ್ನೂ ಲೌಕಿಕ ವಿದ್ಯೆಯನ್ನೂ ಒಂದೇ ಆವರಣದಲ್ಲಿ ಕಲಿಸುವ ಸಂಸ್ಥೆಗಳು. ತಾಂಡವಪುರದವನಾದ ನನಗೆ ಈ ಕಲ್ಪನೆ ಹೊಸದಲ್ಲ; ನಮ್ಮ ನಂಜನಗೂಡು ತಾಲ್ಲೂಕಿನ ಸುತ್ತೂರು ಮಠವೂ ಅನ್ನ, ಅಕ್ಷರಗಳನ್ನು ಒಟ್ಟಿಗೆ ನೀಡುತ್ತ ಬಂದಿದೆ.

ಇಂಥ ವಸತಿಶಾಲೆಯ ಹುಡುಗ ಬೆಳಕು ಹರಿಯುವ ಮುನ್ನ ಫಜರ್ ನಮಾಜಿಗೆ ಏಳಬೇಕು. ಕುರಾನಿನ ಪಾಠ ಒಪ್ಪಿಸಬೇಕು. ಬಳಿಕ ಗಣಿತ, ವಿಜ್ಞಾನ. ಎರಡು ಪಠ್ಯಕ್ರಮಗಳ ಭಾರ ಹೊತ್ತವನು ಮಧ್ಯಾಹ್ನ ತೂಕಡಿಸಿದರೆ ಅದನ್ನು ಅಶಿಸ್ತೆಂದು ಹೇಗೆ ಕರೆಯೋಣ? ದಿನದ ಶಾಲೆಯಲ್ಲಿ ಗಂಟೆ ಬಾರಿಸಿದೊಡನೆ ಮೇಷ್ಟರ ಅಧಿಕಾರ ಮುಗಿಯುತ್ತದೆ. ಇಲ್ಲಿ ಉಸ್ತಾದರೇ ಗುರು, ಅವರೇ ಪೋಷಕ. ಅವರ ಮಾತಿಗೆ ಧರ್ಮದ ಬಲವೂ ಉಂಟು. ಪೆಟ್ಟು ತಿಂದ ಬಾಲಕ ದೂರು ಹೇಳುವುದು ಯಾರಿಗೆ? ‘ಚರ್ಮ ನಿಮ್ಮದು, ಮೂಳೆ ನಮ್ಮದು’ ಎಂದು ಮಗನನ್ನು ಒಪ್ಪಿಸಿ ಹೋಗುವ ತಂದೆಯ ಮಾತು ಉರ್ದುವಿನಲ್ಲಿ ಇದ್ದೇ ಇದೆ. ನಾವು ಮೂಗು ಮುರಿಯಬೇಕಿಲ್ಲ. ಹುಡುಗರನ್ನು ಕೋದಂಡಕ್ಕೆ ಏರಿಸಿದ್ದು ನಮ್ಮ ಕೂಲಿಮಠಗಳೇ.

ಆದರೆ ಬೆತ್ತಕ್ಕೆ ಪರಂಪರೆಯ ಒಪ್ಪಿಗೆಯಿದೆ ಎಂಬ ವಾದ ನಿಲ್ಲದು. 1377ರಲ್ಲಿಯೇ ಇಬ್ನ್ ಖಲ್ದೂನ್ ತನ್ನ ‘ಮುಕದ್ದಿಮಾ’ದಲ್ಲಿ ವಿದ್ಯಾರ್ಥಿಗಳ ಮೇಲಿನ ಕಾಠಿಣ್ಯವನ್ನು ಕುರಿತೇ ಒಂದು ಪ್ರಕರಣ ಬರೆದ. ಏಟಿಗೆ ಅಂಜಿ ಬೆಳೆದವನು ಸುಳ್ಳು, ಕಪಟಗಳನ್ನು ಕಲಿಯುತ್ತಾನೆ, ಅದೇ ಅವನ ಸ್ವಭಾವವಾಗುತ್ತದೆ ಎಂಬುದು ಅವನ ವಿಚಾರ.

ನಮ್ಮ ಕಾಯಿದೆಯ ದಾರಿ ವಿಚಿತ್ರ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಮಕ್ಕಳಿಗೆ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. 2012ರ ತಿದ್ದುಪಡಿ ಮದರಸಾಗಳನ್ನೂ ವೇದಪಾಠಶಾಲೆಗಳನ್ನೂ ಅದರ ವ್ಯಾಪ್ತಿಯಿಂದ ಹೊರಗಿಟ್ಟಿತು. ಮಕ್ಕಳ ಮೇಲಿನ ಕ್ರೌರ್ಯವನ್ನು ದಂಡಿಸುವ 2015ರ ಬಾಲನ್ಯಾಯ ಕಾಯಿದೆ ಉಂಟು, ನಿಜ. ಅದು ನೆರವಿಗೆ ಬರಬೇಕಾದರೆ ಮೊದಲು ಸಂಗತಿ ಗೋಡೆಯಾಚೆ ತಿಳಿಯಬೇಕಲ್ಲ!

ವಸತಿಶಾಲೆ ಮಠದ್ದಿರಲಿ, ಮಸೀದಿಯದ್ದಿರಲಿ, ಪಾಠ ಹೇಳದ ಹಿರಿಯರೊಬ್ಬರು ವಾರಕ್ಕೊಮ್ಮೆ ಬಂದು ಮಕ್ಕಳ ಅಹವಾಲು ಕೇಳಲಿ. ಮಗನನ್ನು ನೋಡಲು ಬಂದ ತಾಯಿಯೂ ಗುರುಗಳ ಕೋಣೆಯಲ್ಲಿ ಕೂರದೆ, ಅವನನ್ನು ಅಂಗಳದ ಮರದ ಕೆಳಗೆ ಕರೆದೊಯ್ದು ಒಂದರ್ಧ ಗಂಟೆ ಮಾತಾಡಿಸಲಿ.