ದೊಡ್ಡ ಕರುಳಿನ ಗಂಟುಗಳು: ತೆಗೆಯುವ ಬಗೆಗಳು



ಗಂಡಹೆಂಡಿರು ಸಹ ಒಬ್ಬರೊಡನೊಬ್ಬರು ಆಡಲು ನಾಚುವ ವಿಷಯವೊಂದನ್ನು ಕುರಿತು ಇಂದು ತಮ್ಮೊಡನೆ ನಾಲ್ಕು ಮಾತುಗಳನ್ನಾಡಬೇಕಾಗಿದೆ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದೇ ಬಗೆದು, ಖಾರ ಬಿಟ್ಟು, ಮಜ್ಜಿಗೆ ಕುಡಿದು ವರ್ಷಗಟ್ಟಲೆ ಸುಮ್ಮನಿರುವವರು ನಮ್ಮಲ್ಲಿ ಅನೇಕರು. ಹೆಂಗಸರಂತೂ ಪತಿಗೂ ತಿಳಿಸುವುದಿಲ್ಲ. ಹಲವೊಮ್ಮೆ ಅದು ಮೂಲವ್ಯಾಧಿಯೇ ಆಗಿರುತ್ತದೆ, ನಿಜ. ಆದರೆ ದೊಡ್ಡ ಕರುಳಿನ ಒಳಪದರದಲ್ಲಿ ಬೆಳೆದ ಗಂಟಿನಿಂದಲೂ ರಕ್ತ ಒಸರಬಹುದು. ವೈದ್ಯರು ಇದನ್ನು ಪಾಲಿಪ್ ಎನ್ನುತ್ತಾರೆ. ಎಲ್ಲ ಪಾಲಿಪ್‌ಗಳೂ ಕೆಡುಕಿನವಲ್ಲ. ಕೆಲವು ಮಾತ್ರ ಸುಮಾರು ಹತ್ತು ವರ್ಷಗಳಲ್ಲಿ ಮೆಲ್ಲಮೆಲ್ಲನೆ ಕ್ಯಾನ್ಸರಿಗೆ ತಿರುಗುತ್ತವೆ.

ಹಿಂದೆ ಕರುಳಿನ ಮೇಲ್ಭಾಗದ ಗಂಟನ್ನು ತೆಗೆಯಲು ಹೊಟ್ಟೆಯನ್ನೇ ಕೊಯ್ಯಬೇಕಾಗುತ್ತಿತ್ತು. 1969ರಲ್ಲಿ ನ್ಯೂಯಾರ್ಕ್ ನಗರದ ವೈದ್ಯರಾದ ವಿಲಿಯಂ ವುಲ್ಫ್ ಹಾಗೂ ಹಿರೋಮಿ ಶಿನ್ಯಾ ಅವರು ಗುದದ್ವಾರದಿಂದ ಒಳಬಿಟ್ಟ ದುರ್ಬೀನು ಕೊಳವೆಯ ಮೂಲಕ ತಂತಿಯ ಕುಣಿಕೆಯನ್ನು ಸಾಗಿಸಿ ಪಾಲಿಪನ್ನು ಕತ್ತರಿಸಿ ತೆಗೆದರು. ಅಂದಿನಿಂದ ಈ ವಿದ್ಯೆ ಬಹಳ ಬೆಳೆದಿದೆ.

ಗಂಟು ಜೋಳದ ಕಾಳಿನಷ್ಟೋ ಕಡಲೆಯಷ್ಟೋ, ಎಂದರೆ 10 ಮಿಲಿಮೀಟರಿಗಿಂತ ಚಿಕ್ಕದಾಗಿದ್ದರೆ, ವಿದ್ಯುತ್ತಿಲ್ಲದ ಬರಿಯ ಕುಣಿಕೆಯೇ ಸಾಕು. ಆಗ ತುಸು ರಕ್ತ ಬಂದು ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ. ದ್ರಾಕ್ಷಿ ಹಣ್ಣಿನಂತೆ ತೊಟ್ಟಿನ ಮೇಲೆ ನಿಂತ ದೊಡ್ಡ ಗಂಟಾದರೆ ಕುಣಿಕೆಗೆ ವಿದ್ಯುತ್ ಹರಿಸಿ, ಕೊಯ್ಯುವಾಗಲೇ ರಕ್ತನಾಳವನ್ನು ಸುಟ್ಟು ಮುಚ್ಚುತ್ತಾರೆ. ಆದರೆ ಬಿಸಿ ಆಳಕ್ಕಿಳಿಯುವುದರಿಂದ ಎರಡು ವಾರಗಳವರೆಗೂ ರಕ್ತಸ್ರಾವದ ಭಯವಿರುತ್ತದೆ.

ಚಪ್ಪಟೆಯಾಗಿ ಹರಡಿದ ಗಂಟು ಕುಣಿಕೆಗೆ ಸಿಗುವುದಿಲ್ಲ. ಅದರ ಅಡಿಯಲ್ಲಿ ಸೂಜಿಯಿಂದ ದ್ರವ ತುಂಬಿ, ಬೊಬ್ಬೆಯಂತೆ ಮೇಲೆಬ್ಬಿಸಿ, ಅನಂತರ ಕುಣಿಕೆ ಹಾಕುತ್ತಾರೆ. 20 ಮಿಲಿಮೀಟರಿಗಿಂತ ದೊಡ್ಡದಾದರೆ ಸಾಮಾನ್ಯವಾಗಿ ತುಂಡುತುಂಡಾಗಿ ತೆಗೆಯಬೇಕಾಗುವುದು. ಬೇರು ಉಳಿದು ಮತ್ತೆ ಚಿಗುರಬಹುದಾದ್ದರಿಂದ ಸುಮಾರು ಆರು ತಿಂಗಳಿಗೆ ಮರುಪರೀಕ್ಷೆ ಅವಶ್ಯ. ಕಡೆಯದು, ಸೂಕ್ಷ್ಮ ಚಾಕುವಿನಿಂದ ಪದರವನ್ನೇ ಬಿಡಿಸಿ ಗಂಟನ್ನು ಇಡಿಯಾಗಿ ಎತ್ತುವ ಕ್ರಮ. ಕ್ಯಾನ್ಸರಿನ ಆರಂಭವಿರಬಹುದೆಂಬ ಶಂಕೆಯಿದ್ದಲ್ಲಿ ಇದು ಉತ್ತಮ, ಮರುಕಳಿಸುವುದೂ ಕಡಿಮೆ. ಆದರೆ ಹೆಚ್ಚು ಹೊತ್ತು ಹಿಡಿಯುತ್ತದೆ, ಕರುಳಿಗೆ ತೂತು ಬೀಳುವ ಸಂಭವವೂ ಹೆಚ್ಚು, ವಿಶೇಷ ತರಬೇತಿ ಪಡೆದ ವೈದ್ಯರೇ ಬೇಕು. ಹೊಸದೆಂಬ ಕಾರಣಕ್ಕೆ ಕಡಲೆಯಷ್ಟು ಗಂಟಿಗೂ ಇದನ್ನೇ ಬೇಡುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ.

ಗಂಟಿನ ಗಾತ್ರ, ಆಕಾರಗಳೇ ಕ್ರಮವನ್ನು ನಿಶ್ಚಯಿಸುತ್ತವೆ. ಬೇಗ ಹೋದವರಿಗೆ ಕುಣಿಕೆಯಲ್ಲೇ ಮುಗಿಯುವ ಕೆಲಸ ತಡಮಾಡಿದವರಿಗೆ ಹೊಟ್ಟೆ ಕೊಯ್ಯುವವರೆಗೆ ಹೋಗಬಹುದು. ರಕ್ತ ಕಂಡೊಡನೆ ಪತಿಪತ್ನಿಯರು ಒಬ್ಬರಿಗೊಬ್ಬರು ತಿಳಿಸಿ ಸಮೀಪದ ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ. ವಿಜಯಪುರಕ್ಕೆ ಹೋಗಿರೆಂದು ಚೀಟಿ ಬರೆದುಕೊಟ್ಟರೆ, ದ್ರಾಕ್ಷಿಯ ಸುಗ್ಗಿ ಮುಗಿಯಲಿ ಎಂದು ಮುಂದೂಡಬೇಡಿರಿ. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಕರುಳಿನ ಕ್ಯಾನ್ಸರ್ ಆಗಿದ್ದರೆ, ರಕ್ತ ಕಾಣದಿದ್ದರೂ 40ನೆಯ ವಯಸ್ಸಿಗೆ ಮುನ್ನವೇ ವೈದ್ಯರನ್ನು ವಿಚಾರಿಸಿರಿ.

ಪರೀಕ್ಷೆಗೆ ಮುಂಚೆ ಭೇದಿಯ ಔಷಧ ಕುಡಿದು ಕರುಳನ್ನು ಪೂರ್ತಿ ಬರಿದು ಮಾಡಿಕೊಳ್ಳಬೇಕು. ರಕ್ತ ತೆಳುವಾಗಿಸುವ ಗುಳಿಗೆ ಸೇವಿಸುತ್ತಿದ್ದರೆ ತಿಳಿಸಿರಿ, ತಾವಾಗಿಯೇ ನಿಲ್ಲಿಸಕೂಡದು. ಗಂಟು ತೆಗೆದ ಮೇಲೆ ಹೆಚ್ಚು ರಕ್ತ, ಹೊಟ್ಟೆನೋವು ಅಥವಾ ಜ್ವರ ಕಂಡರೆ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಹೊರಡಿರಿ. ತೆಗೆದ ಗಂಟಿನ ಪ್ರಯೋಗಾಲಯದ ವರದಿಯನ್ನು ಪಡಿತರ ಚೀಟಿಯೊಡನೆ ಜೋಪಾನವಾಗಿಡಿರಿ. ಮುಂದಿನ ಪರೀಕ್ಷೆ ಎಂದು ಎಂಬುದನ್ನು ವೈದ್ಯರು ಅದನ್ನು ನೋಡಿಯೇ ಹೇಳುತ್ತಾರೆ.